ಅಣ್ಣ ಹೋಯ್ತು

ಸೈಕಲ್ ಇರುವ ಗಂಡಸು ಎಂದರೆ ಕೆಲಸವಿಲ್ಲದ ಗಂಡಸು ಎಂದೇ ಗುಂಡ್ಲುಪೇಟೆಯ ನಮ್ಮ ಬೀದಿಯ ಲೆಕ್ಕ. ಬೈಕ್ ಇರುವವನನ್ನು ಕರಿಬೇವು ತರಲು ಯಾರೂ ಕಳಿಸುವುದಿಲ್ಲ. ಕೂಗಿ ಕರೆಯುವಷ್ಟರಲ್ಲಿ ಅವನು ತಿರುವು ದಾಟಿರುತ್ತಾನೆ. ಸಿಕ್ಕಿಹಾಕಿಕೊಳ್ಳುವವನು ನಾನು. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಯಾವುದಾದರೂ ಬಾಗಿಲಿಂದ "ಏನಣ್ಣಾ, ದೂರ?" ಎಂಬ ದನಿ ಬರುತ್ತದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೊರಟ ಕೆಲಸ ಕೆಡುತ್ತದೆ. ಅದಕ್ಕೇ ದೂರವಾ ಎಂದು ಕೇಳುತ್ತಾರೆ. ನಾನು "ಇಲ್ಲೇ" ಎನ್ನುತ್ತೇನೆ. ಹಾಗಾದರೆ ಅರ್ಧ ಕೆಜಿ ರವೆ, ಬೀಪಿ ಮಾತ್ರೆ, ಮಿಕ್ಸಿ ಜಾರಿನ ವಾಷರ್.

ಈ ಸೈಕಲ್ ಹುಚ್ಚು ಚಾಮರಾಜನಗರದಲ್ಲಿ ಹಿಡಿದದ್ದು. ಅಲ್ಲಿ ಬಾಡಿಗೆ ರೂಮಿನಲ್ಲಿದ್ದುಕೊಂಡು ಬದನಗುಪ್ಪೆಯ ಒಂದು ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಹೋಗುತ್ತಾ ಬರುತ್ತಾ ಸೈಕಲ್ಲೇ. ಕೆಲಸ ಬಿಟ್ಟು ಊರಿಗೆ ಮರಳಿದಾಗ ನನ್ನ ಜೊತೆ ಬಂದದ್ದು ಆ ಸೈಕಲ್ಲು ಮತ್ತು ಯಾರನ್ನೂ ನಂಬದ ಸ್ಟೋರ್‌ಕೀಪರನ ಬುದ್ಧಿ.

ಆ ಬೇಸಿಗೆಯಲ್ಲಿ ಲೋಕ ಹಾಳಾಗುತ್ತಿರುವ ಸುದ್ದಿ ನನಗೆ ದಿನಸಿಯ ಜೊತೆಗೇ ಸಿಗುತ್ತಿತ್ತು. ನಮ್ಮ ಮನೆಯ ಟೀವಿ ಕೆಟ್ಟು ಬಹಳ ಕಾಲವಾಗಿತ್ತು, ರಿಪೇರಿ ಮಾಡಿಸುವ ಅವಸರ ನನಗಿರಲಿಲ್ಲ. ಕಟಿಂಗ್ ಶಾಪಿನಲ್ಲಿ, ಮೆಡಿಕಲ್ ಸ್ಟೋರಿನಲ್ಲಿ, ಎಲ್ಲ ಕಡೆಯೂ ಟೀವಿಯಲ್ಲಿ ಅದೇ ಯುದ್ಧ, ಅದೇ ಕೊಲ್ಲಿ ದೇಶಗಳ ನಕ್ಷೆ, ಅದರ ಮೇಲೆ ಕೆಂಪು ಬಾಣಗಳು, ಗಂಟಲು ಹರಿದುಕೊಳ್ಳುವ ಒಬ್ಬ. ಪೆಟ್ರೋಲ್ ಸಿಗುವುದಿಲ್ಲವಂತೆ ಎಂದು ಯಾರೋ ಎಬ್ಬಿಸಿದ ಮಾತಿಗೆ ಬಂಕಿನ ಮುಂದೆ ಬೈಕುಗಳು ಜಮಾಯಿಸಿದ ದಿನ, ನಾನು ಅವರ ಪಕ್ಕದಲ್ಲೇ ನಿಧಾನವಾಗಿ ಬೆಲ್ ಹೊಡೆದುಕೊಂಡು ಹೋದೆ. ಬೇಕೆಂದೇ ಹೊಡೆದೆ. ಯುದ್ಧದಿಂದ ನನಗಾದ ಒಂದೇ ಸಂತೋಷ ಅದು.

ನಮ್ಮ ಪಕ್ಕದ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಚಂದಕವಾಡಿಯವಳು, ನನ್ನನ್ನು ಅಣ್ಣ ಎನ್ನುತ್ತಾಳೆ. ಅವಳ ಗಂಡ ಇಲ್ಲಿಂದ ಕೇರಳಕ್ಕೆ ಚೆಂಡುಹೂವಿನ ಲೋಡು ಹೊಡೆಯುತ್ತಿದ್ದ. ಆ ಕಡೆಯ ಡ್ರೈವರುಗಳ ಸ್ನೇಹ ಬೆಳೆದು, ಅವರ ಜೊತೆಯಲ್ಲೇ ಕೊಲ್ಲಿಗೆ ಲಾರಿ ಓಡಿಸಲು ಹೋದ. ಹೋದ ಎಂದು ಇಲ್ಲಿ ಬರೆಯಬಹುದು, ಆ ಮನೆಯಲ್ಲಿ ಅನ್ನುವಂತಿಲ್ಲ. ಹೊರಡುವ ದಿನ ಅವನು ಬಾಯಿತಪ್ಪಿ "ಓಯ್ತೀನಿ ಕಣವ್ವ" ಅಂದಿದ್ದಕ್ಕೆ ಮುದುಕಿ ಬ್ಯಾಗು ಕೆಳಗಿಡಿಸಿ, ಒಳಕ್ಕೆ ಕರೆದು, ನೀರು ಕುಡಿಸಿ, "ಬತ್ತೀನಿ" ಅನ್ನಿಸಿ ಮತ್ತೆ ಹೊರಡಿಸಿದ್ದಳು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ನಮ್ಮ ಕಡೆ ಮನೆಯಿಂದ ಹೊರಡುವವರು ಬರುತ್ತಾರೆ. ಹೋಗುವವರು ಸತ್ತವರು ಮಾತ್ರ.

ಯುದ್ಧ ಶುರುವಾದ ಮೇಲೂ ಅವನು ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದ. ಟೀವಿಯಲ್ಲಿ ತೋರಿಸುವುದೆಲ್ಲ ದೂರ, ಇಲ್ಲಿ ಏನೂ ಇಲ್ಲ ಎನ್ನುತ್ತಿದ್ದನಂತೆ. ಆಮೇಲೆ ಅವನಿದ್ದ ಊರಿನ ಬಂದರಿಗೇ ಬೆಂಕಿ ಬಿತ್ತು. ಫೋನು ನಿಂತಿತು.

ಆಗಿನಿಂದ ಸೊಸೆ ನನ್ನನ್ನು ಬೆಂಕಿಪೊಟ್ಟಣಕ್ಕೆ ಕಳಿಸತೊಡಗಿದಳು. ಬೆಳಗ್ಗೆ ಒಂದು, ಸಂಜೆ ಒಂದು. ಇಷ್ಟು ಬೆಂಕಿಪೊಟ್ಟಣ ಇಟ್ಟುಕೊಂಡು ಏನು ಮಾಡುತ್ತಾಳೆ ಎಂದು ಸ್ಟೋರ್‌ಕೀಪರನ ಬುದ್ಧಿಗೆ ಮೊದಲು ಕಿರಿಕಿರಿಯಾಯಿತು. ಆಮೇಲೆ ತಿಳಿಯಿತು. ಅಂಗಡಿಯಲ್ಲಿ ಟೀವಿ ಇತ್ತು. ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ, ನೋಡಿಕೊಂಡು ಬಂದ ನನ್ನ ಮುಖ ನೋಡುತ್ತಿದ್ದಳು. ನಾನು ಪೊಟ್ಟಣ ಕೊಟ್ಟು, "ಅದೇ ಮಾಮೂಲಿ ಕಣವ್ವ" ಎನ್ನುತ್ತಿದ್ದೆ. ಅವಳು ಒಳಗೆ ಹೋಗುತ್ತಿದ್ದಳು. ಬಾಯಿಬಿಟ್ಟು ಏನಾದರೂ ಕೇಳಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಒಂದು ಬೆಳಗ್ಗೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದೆ. ಪಕ್ಕದ ಮನೆಯಲ್ಲಿ ಮುದುಕಿ ಕಿರುಚಿದ್ದು ಕೇಳಿಸಿತು. ಎಣ್ಣೆ ಕೈಯಲ್ಲೇ ಓಡಿದೆ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದಳು. ಮುದುಕಿ ನೆಲದ ಮೇಲೆ ಕೂತು ಎದೆ ಹೊಡೆದುಕೊಳ್ಳುತ್ತಿದ್ದಳು. ಗಂಡನ ನಂಬರಿನಿಂದ ಒಂದು ವಾಯ್ಸ್ ಮೆಸೇಜ್ ಬಂದಿತ್ತು, ದನಿ ಮಾತ್ರ ಅವನದಲ್ಲ. ಅವನನ್ನು ಅಣ್ಣ, ಇವಳನ್ನು ಚೇಚಿ ಅಂದರೆ ಅಕ್ಕ ಎನ್ನುವ, ಜೊತೆಗೆ ಕೆಲಸ ಮಾಡುವ ವಯನಾಡಿನವನದು. ಅವಳು ನನಗೂ ಕೇಳಿಸಿದಳು.

"ಚೇಚಿ, ಅಣ್ಣ ಹೋಯ್ತು. ರಾತ್ರಿ ಹೋಯ್ತು. ಫೋನ್ ನನ್ನ ಕೈಲಿ ಉಂಟು."

ಅಲ್ಲಿಗೆ ಅವನ ಕನ್ನಡ ಮುಗಿದಿತ್ತು. ಮುಂದೆ ಒಂದೇ ಉಸಿರಿನ ಮಲಯಾಳ, ಹಿಂದೆ ಜನರ ಕೂಗಾಟ, ಯಾವುದೋ ಗಾಡಿಯ ಸದ್ದು. ತಿರುಗಿ ಫೋನ್ ಮಾಡಿದರೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಬೀದಿಯ ಹೆಂಗಸರು ಬಂದು ತುಂಬಿಕೊಂಡರು. ಎದುರು ಮನೆಯಾಕೆ, "ಓಗ್ಬುಟ್ನಾ? ಅಯ್ಯೋ, ಚಿನ್ನದಂತ ಮಗ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಬ್ಬಳು ಆಗಲೇ ಚಂದಕವಾಡಿಗೆ ತಿಳಿಸಬೇಕು, ನಂಬರ್ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದಳು. ಮೂರನೆಯವಳು ಸೊಸೆಯ ಕೈ ಹಿಡಿದುಕೊಂಡು ಅಳತೊಡಗಿದಳು. ಆ ಕೈಯ ಬಳೆಗಳನ್ನು ನಾನು ನೋಡಿದೆ, ನೋಡಬಾರದಾಗಿತ್ತು ಅನ್ನಿಸಿತು. ನನಗೂ ಅನುಮಾನವಿರಲಿಲ್ಲ. ಆ ಮಾತಿಗೆ ನಮ್ಮಲ್ಲಿ ಬೇರೆ ಅರ್ಥವೇ ಇಲ್ಲ, ಅದರ ಮೇಲೆ ಅವನ ಫೋನು ಬೇರೆಯವನ ಕೈಯಲ್ಲಿ.

ಸೊಸೆ ಕೈ ಬಿಡಿಸಿಕೊಂಡಳು. "ಯಾರೂ ಅಳ್ಬ್ಯಾಡಿ ನಮ್ಮನೇಲಿ" ಅಂದಳು. ಫೋನ್ ನನ್ನ ಕೈಗಿಟ್ಟಳು. "ಅಣ್ಣ, ಬೇಕ್ರಿಯವ್ರಿಗೆ ಕೇಳುಸ್ಕಂಡು ಬಾ. ಅದ್ರಲ್ಲಿ ಇನ್ನೂ ಏನೋ ಮಾತದೆ."

ಕೇರಳಕ್ಕೆ ಹೋಗುವ ಬತ್ತೇರಿ ರಸ್ತೆಯಲ್ಲಿ ಒಬ್ಬ ಮಲಯಾಳಿಯ ಬೇಕರಿ ಇದೆ, ಅಲ್ಲಿಗೆ. ಯಾರಾದರೂ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದರೋ ಏನೋ, ನನಗೆ ಹೊಳೆಯಲಿಲ್ಲ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದೆ. ಬೀದಿಯ ಕೊನೆಯ ಮನೆಯವನು, ಸುದ್ದಿ ಮುಟ್ಟದವನು, ಹಲ್ಲುಜ್ಜುತ್ತಾ "ದೂರವಾ?" ಎಂದ. "ಇಲ್ಲೇ" ಅಂದೆ.

ಅವತ್ತಿನ ದಾರಿ ನನಗೆ ಬೇಡದಷ್ಟು ಚೆನ್ನಾಗಿ ನೆನಪಿದೆ. ಹೂವಿನ ಮೂಟೆ ಹೇರಿದ ಲಾರಿಗಳು ಕೇರಳದ ಕಡೆಗೆ ಹೊರಟಿದ್ದವು. ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಮೋಡದಲ್ಲಿ ಮುಚ್ಚಿತ್ತು. ಮುದುಕಿ ಮಗ ಬಂದರೆ ಬೆಟ್ಟ ಹತ್ತಿಸುತ್ತೇನೆ ಎಂದು ಹರಕೆ ಹೊತ್ತಿದ್ದು ನೆನಪಾಯಿತು. ಬೇಗ ತುಳಿಯಬೇಕೋ, ನಿಧಾನವಾಗಿ ತುಳಿಯಬೇಕೋ ಗೊತ್ತಾಗಲಿಲ್ಲ. ಬೇಕರಿ ಮುಟ್ಟುವವರೆಗೂ ಅವನು ಅರ್ಧ ಬದುಕಿದ್ದಾನೆ ಎಂದು ಲೆಕ್ಕ ಹಾಕಿದೆ. ಹೆದರಿದ್ದೆ. ಇಂಥ ಹೆದರಿಕೆ ನನಗೆ ಟೀವಿಯ ನಕ್ಷೆ ನೋಡುವಾಗ ಒಮ್ಮೆಯೂ ಆಗಿರಲಿಲ್ಲ.

ಬೇಕರಿಯವನು ಪಫ್ಸ್ ಕಟ್ಟಿಕೊಡುತ್ತಿದ್ದ. ಜನ ಇದ್ದರು. ನಾನು ವಿಷಯ ಹೇಳಿದ ಮೇಲೆ ಕೈ ಒರೆಸಿಕೊಂಡು ಫೋನ್ ಕಿವಿಗೆ ಇಟ್ಟುಕೊಂಡ. ಪೂರ್ತಿ ಕೇಳಿದ. ಮತ್ತೆ ಇನ್ನೊಂದು ಸಲ ಕೇಳಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಪಕ್ಕದ ಮನೆಯವಳು ಇಷ್ಟು ದಿನ ನನ್ನ ಮುಖದಲ್ಲಿ ಹುಡುಕಿದ್ದನ್ನು ನಾನೀಗ ಇವನ ಮುಖದಲ್ಲಿ ಹುಡುಕುತ್ತಿದ್ದೆ.

"ಹೋಯ್ತು ಅಂತ ಹೇಳ್ತಾನೆ" ಎಂದ.

"ಅದು ನಮಗೂ ಕೇಳಿಸ್ತು ಕಣಪ್ಪ. ಎಂಗೆ ಓಯ್ತು?"

"ಹೆಂಗೆ ಅಂದ್ರೆ? ಬಸ್ಸಲ್ಲಿ."

ನಾನು ಅವನನ್ನೇ ನೋಡಿದೆ. ಅವನು ನಿಧಾನವಾಗಿ ಬಿಡಿಸಿ ಹೇಳಿದ. ರಾತ್ರಿ ಕಂಪನಿಯವರು ಒಂದು ಬಸ್ಸು ಕಳಿಸಿದ್ದರಂತೆ, ಸಿಕ್ಕವರನ್ನು ಹತ್ತಿಸಿಕೊಂಡು ಗಡಿಯ ಕಡೆಗೆ ಹೊರಟರಂತೆ. ಅವಸರದಲ್ಲಿ ನಮ್ಮವನು ಚಾರ್ಜಿಗೆ ಹಾಕಿದ್ದ ಫೋನನ್ನು ರೂಮಿನಲ್ಲೇ ಬಿಟ್ಟನಂತೆ. ಗಡಿ ದಾಟಿದರೆ ಅಲ್ಲಿಂದ ವಿಮಾನ. ಮುಂದಿನದು ಮೆಸೇಜ್ ಕಳಿಸಿದವನಿಗೂ ಗೊತ್ತಿಲ್ಲ, ಅವನಿಗೆ ಆ ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ.

"ಹೋಯ್ತು ಅಂದ್ರೆ ಹೋಯ್ತು ಅಷ್ಟೇ ಅಲ್ವಾ?" ಎಂದು ಬೇಕರಿಯವನು ಕೇಳಿದ. ನಿಮ್ಮ ಭಾಷೆಯಲ್ಲಿ ಅಷ್ಟೇ, ನಮ್ಮಲ್ಲಿ ಹಾಗಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಹೇಳುವ ಬದಲು ನೀರು ಕೇಳಿದೆ. ಒಂದು ಲೋಟ ಕೊಟ್ಟ.

ವಾಪಸು ಬರುವಾಗ ತುಳಿದ ಹಾಗೆ ನಾನು ಬದನಗುಪ್ಪೆಯ ಕಾರ್ಖಾನೆಯ ಸೈರನ್ನಿಗೆ ಹೆದರಿಯೂ ತುಳಿದಿರಲಿಲ್ಲ. ಅವಳು ಗೇಟಿನಲ್ಲೇ ನಿಂತಿದ್ದಳು. ಹಿಂದೆ ಹೆಂಗಸರು, ಅವರ ಹಿಂದೆ ಮುದುಕಿ. ಬಸ್ಸು, ಗಡಿ, ವಿಮಾನ ಎಲ್ಲವನ್ನೂ ದಾರಿಯಲ್ಲಿ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಅವಳ ಮುಖ ಕಂಡದ್ದೇ ಅದೆಲ್ಲ ಚೆದುರಿತು. ಇಳಿಯುವ ಮೊದಲೇ ಕೂಗಿದೆ:

"ಬತ್ತಾವ್ನೆ ಕಣವ್ವ!"

ಮೆಸೇಜಿನಲ್ಲಿ ಹಾಗೆ ಎಲ್ಲೂ ಇರಲಿಲ್ಲ. ಅಲ್ಲಿಂದ ಹೋದದ್ದು ಮಾತ್ರ ಇತ್ತು. ಸ್ಟಾಕಿಗೆ ಬಾರದ ಸಾಮಾನನ್ನು ಬಂದಿದೆ ಎಂದು ನಾನು ಹೇಳಿದ್ದು ಅದೊಂದೇ ಸಲ. ಅವಳು ಗೇಟಿನ ಸರಳು ಹಿಡಿದುಕೊಂಡು ಅಲ್ಲೇ ಕೂತಳು. ಆಗ ಅತ್ತಳು. ಎದುರು ಮನೆಯಾಕೆ ಕಾಫಿ ಮಾಡಿ ತಂದಳು, ಸಕ್ಕರೆ ಹಾಕುವುದನ್ನು ಮರೆತಿದ್ದಳು, ಎಲ್ಲರೂ ಹಾಗೇ ಕುಡಿದೆವು.

ಬೇರೆ ಯಾರದೋ ಫೋನಿನಿಂದ ಅವನ ಕರೆ ಬರುವವರೆಗೆ ನನಗೆ ಊಟ ರುಚಿಸಲಿಲ್ಲ. ಬೆಂಕಿಪೊಟ್ಟಣಕ್ಕೆ ಹೋಗುವುದು ಮಾತ್ರ ನಡೆದೇ ಇತ್ತು. ಕರೆ ಬಂತು. ಆಮೇಲೆ ಒಂದು ದಿನ ಅವನೇ ಬಂದ, ಗಡ್ಡ ಬಿಟ್ಟುಕೊಂಡು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು. ಮುದುಕಿ ಅವನನ್ನು ಬೆಟ್ಟಕ್ಕೂ ಕರೆದುಕೊಂಡು ಹೋದಳು. ವಯನಾಡಿನವನೂ ಮುಂದಿನ ಬಸ್ಸಿನಲ್ಲಿ ಹೊರಬಿದ್ದು ಊರು ಸೇರಿದನಂತೆ, ಅವನ ಹತ್ತಿರ ಇದ್ದ ಫೋನೂ ಬಂತು.

ಯುದ್ಧ ಇನ್ನೂ ನಿಂತಿರಲಿಲ್ಲ. ಅಂಗಡಿಯ ಟೀವಿಯಲ್ಲಿ ಬಾಣಗಳು ಬೇರೆ ಕಡೆಗೆ ತಿರುಗಿದ್ದವು, ಗಂಟಲು ಹರಿದುಕೊಳ್ಳುವವನು ಅವನೇ.

ಒಂದು ಬೆಳಗ್ಗೆ ಪಕ್ಕದ ಮನೆಯವನು ಹಾಲು ತರಲು ನನ್ನ ಸೈಕಲ್ ಕೇಳಿದ. ಸೀಟು ಅವನಿಗೆ ಕೆಳಗಾಗುತ್ತಿತ್ತು, ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಅಷ್ಟು ಕಾಲ ಮಲಯಾಳಿಗಳ ಜೊತೆ ಒಂದೇ ರೂಮಿನಲ್ಲಿದ್ದವನು, ಪೆಡಲ್ ಮೇಲೆ ಕಾಲಿಟ್ಟು ಮನೆಯ ಕಡೆ ತಿರುಗಿ, "ಪೋಟ್ಟೇ" ಎಂದ. ಅವರು ಹೊರಡುವಾಗ ಹಾಗೆನ್ನುತ್ತಾರೆ. ಹೋಗಲೇ ಎಂದು ಅದರ ಅರ್ಥ.

ಹೆಂಡತಿ ಕೈಯಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು.

"ಏನಂದೆ?"

"ಬಾಯಿಗೆ ಬಂದ್ಬುಡ್ತು ಕಣಮ್ಮಿ. ಹಾಲ್ ತರಕೆ, ಇಲ್ಲೇ."

"ಇಳಿ."

ಅವನು ನನ್ನ ಕಡೆ ನೋಡಿ ನಕ್ಕ. ನಾನು ನಗಲಿಲ್ಲ. ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಹೋದ. ಒಳಗೆ ಲೋಟದ ಸದ್ದಾಯಿತು. ಬಾಯಿ ಒರೆಸಿಕೊಂಡು ಹೊರಗೆ ಬಂದು, ಅವಳ ಎದುರು ನಿಂತು, "ಬತ್ತೀನಿ" ಎಂದ.

ಅದಕ್ಕೆ ಎಲ್ಲರೂ ಹೋಗಿ ಬಾ ಎನ್ನುತ್ತಾರೆ. ಅವಳು "ಬಾ" ಎಂದಳು ಅಷ್ಟೇ. ಅವನು ಹಾಲಿನ ಪಾಕೆಟ್ ಹಿಡಿದು ತಿರುವಿನಲ್ಲಿ ಮತ್ತೆ ಕಾಣುವವರೆಗೂ ಅವಳು ಒಳಗೆ ಹೋಗಲಿಲ್ಲ, ಕೈಯ ಹಿಟ್ಟು ಒಣಗಿಹೋಗಿತ್ತು.