ಪೋತ್ನಾಳದಲ್ಲಿ ನೆರಳಿಲ್ಲದ ಗಳಿಗೆ

ವರ್ಷದಲ್ಲಿ ಎರಡೇ ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನಡುನೆತ್ತಿಗೆ ಬಂದು ನೆರಳು ಮಾಯವಾಗುತ್ತದೆ; ಇಂದು ಅಂಥ ದಿನವಾಗಿತ್ತು. ಅದನ್ನು ಜನರಿಗೆ ತೋರಿಸಲು ಪೋತ್ನಾಳದ ಬಸ್ ನಿಲ್ದಾಣದೆದುರು ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿದ್ದೆ. "ನೆಳ್ಳು ಹೋದ್ರ ಜೀವಕ್ಕ ಕೇಡ್ರಿ" ಎಂದರು ಹಿರಿಯರೊಬ್ಬರು. ಸೇರಿದ್ದವರೆಲ್ಲ ನಿಲ್ದಾಣದ ತಗಡಿನ ಚಾವಣಿಯಡಿ ಸರಿದರು. ನನ್ನ ವಿವರಣೆಗೆ ಯಾರೂ ಕಿವಿಗೊಡಲಿಲ್ಲ.

ಮಾನ್ವಿ ಬಸ್ಸಿಗೆ ಕಾದಿದ್ದ ಕೂಲಿ ಹೆಂಗಸು ಹುಲಿಗೆವ್ವ ಬಿಸಿಲಿಗೆ ಬಂದರು. "ಹೊಲದಾಗ ದಿನಾ ನೋಡ್ತೀನಿ, ನೆಳ್ಳು ಕುಗ್ಗತದ, ಮತ್ತ ಬೆಳೀತದ. ನಾ ನಿಂದರ್ತೀನಿ."

ನೆರಳು ಅವರ ಕಾಲಡಿ ಅಡಗಿತು. ಬಸ್ಸು ಬಂದು ಹೋಯಿತು. ನೆರಳು ಮತ್ತೆ ಇಣುಕುವವರೆಗೂ ಅವರು ಕದಲಲಿಲ್ಲ. ಆಮೇಲೆ ಜನ ಒಬ್ಬೊಬ್ಬರಾಗಿ ಹೊರಬಂದರು. ನಾನು ಹುಲಿಗೆವ್ವನವರಿಗೆ ಕೈಮುಗಿದೆ.

"ದೇವದುರ್ಗದಾಗ ಯಾವಾಗ್ರೀ? ಮಗಳು ಅಲ್ಲಿ ಅದಾಳ."

"ನಾಡಿದ್ದು, ಯವ್ವಾ. ಉತ್ತರದ ಊರಿಗೆ ಒಂದೆರಡು ದಿನ ತಡ."

ಕೂಡಲೇ ಮಗಳಿಗೆ ಫೋನ್ ಹಚ್ಚಿದರು: "ನಾಡಿದ್ದು ಮಧ್ಯಾಹ್ನ ಅಂಗಳದಾಗ ನಿಂದ್ರು. ನೆಳ್ಳು ಹೋಗತದ. ಅಂಜಬ್ಯಾಡ, ಹೊಳ್ಳಿ ಬರ್ತದ."