ನನ್ನ ಉಡಿ ತುಂಬಿದ ದಿನ

ಹೊಸ ಅಂಗಿಯ ಗುಂಡುಪಿನ್ನುಗಳನ್ನು ಕೀಳುತ್ತಿದ್ದೆ. ಕಾಲರಿನ ಹಿಂದೆ ಅಡಗಿದ್ದ ಒಂದು ಪಿನ್ನು ಹೆಬ್ಬೆರಳಿಗೆ ಚುಚ್ಚಿತು. ನಾನು ಕೂಗಿದ್ದಕ್ಕೆ ಹೆಂಡತಿ ಸುಜಾತಾ ಅಡುಗೆಮನೆಯಿಂದಲೇ, "ಮೈತುಂಬ ಸೂಜಿ ಚುಚ್ಚಿಸ್ಕೊಂಡ ಗಂಡಸು, ಒಂದು ಪಿನ್ನಿಗೆ ಒದರ್ತೀರಲ್ರಿ" ಎಂದಳು. ಅವಳು ನನ್ನ ಶೌರ್ಯವನ್ನು ಹೊಗಳುವುದು ಹೀಗೆ.

ಆ ಸೂಜಿಗಳ ಸಂಗತಿ ನಿಮಗೆ ಹೇಳಬೇಕು. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಸೋಲಾಪುರದ ದೊಡ್ಡ ದವಾಖಾನೆಯಲ್ಲಿ ಇಬ್ಬರನ್ನೂ ತಪಾಸಣೆ ಮಾಡಿದರು. ಸುಜಾತಾಳದು ಎಲ್ಲ ಸರಿಯಿತ್ತು. ಕೊರತೆ ಇದ್ದದ್ದು ನನ್ನ ವೀರ್ಯದಲ್ಲಿ. ನಾನು ಕಾಲೇಜಿನ ಕಚೇರಿಯ ಗುಮಾಸ್ತ, ಊರವರ ಕಾಗದಪತ್ರ ಜೋಪಾನ ಮಾಡುವವನು. ಈ ಕಾಗದವನ್ನು ಮಾತ್ರ ಕಪಾಟಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟೆ. ಅವಳ ಸೀರೆಗಳ ಕೆಳಗೆ, ಗಮನಿಸಿ. ಎರಡು ವರ್ಷ ಯಾರಿಗೂ ಹೇಳಲಿಲ್ಲ. ನನ್ನ ಮುಖ ನೋಡಿ ಅವಳೂ ಹೇಳಲಿಲ್ಲ.

ಅಕ್ಕಲಕೋಟದಲ್ಲಿ ನನ್ನ ಸೋದರತ್ತೆ ಇದ್ದಾಳೆ, ನನ್ನನ್ನು ಸಾಕಿ ಬೆಳೆಸಿದವಳು. ಮಗುವಾಗಲೆಂದು, ಸುಜಾತಾ ಪ್ರತಿ ಗುರುವಾರ ಬಂದು ಅಲ್ಲಿನ ಗುಡಿಯ ಆಲದ ಮರಕ್ಕೆ ಬರಿಗಾಲಲ್ಲಿ ಸುತ್ತು ಹಾಕುತ್ತಾಳೆಂದು ಅತ್ತೆಯೇ ಹರಕೆ ಹೊತ್ತಳು. ಬೇಸಿಗೆಯಲ್ಲಿ ಸುಜಾತಾಳ ಅಂಗಾಲಿನ ತುಂಬ ಬೊಬ್ಬೆ. ರಾತ್ರಿ ನಾನೇ ಮುಲಾಮು ಹಚ್ಚುತ್ತಿದ್ದೆ, ಬಹಳ ಪ್ರೀತಿಯಿಂದ. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ದವಾಖಾನೆಯ ಗುಳಿಗೆಗಳ ಜೊತೆಗೆ ಅಕ್ಯುಪಂಕ್ಚರನ್ನೂ ಮಾಡಿಸುತ್ತಾರೆಂದು ಕೇಳಿಬಂದವಳು ಸುಜಾತಾಳೇ. ಆ ಸೂಜಿ ದವಾಖಾನೆಗೆ ಹೋದಾಗ ಕಾಂಪೌಂಡರ್ "ಪೇಷಂಟ್ ಒಳಗ ಬರ್ರಿ" ಎಂದು ಅವಳ ಕಡೆಗೇ ನೋಡಿದ. ಅವಳು ಎದ್ದಳು. ನಾನು ಕೈಚೀಲ ಹಿಡಿದು, ಜೊತೆಗೆ ಬಂದವನಂತೆ ಹಿಂದೆ ನಡೆದೆ. ಡಾಕ್ಟರಬಾಯಿ ಫೈಲು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಪೇಷಂಟ್ ಇವ್ರಲ್ಲ, ನೀವು. ಬೂಟ್ ಬಿಚ್ರಿ."

ಹೊಟ್ಟೆಗೆ, ಮೊಣಕಾಲ ಕೆಳಗೆ, ಪಾದಕ್ಕೆ ಕೂದಲಿನಂಥ ಸೂಜಿಗಳು ನಿಂತವು. "ಇದು ದವಾಖಾನಿ ಔಷಧದ ಸಂಗಾಟ ಮಾಡೋದು, ಅದನ್ನ ಬಿಡಬ್ಯಾಡ್ರಿ. ಕೂಸು ಆಗೇ ಆಗ್ತದ ಅಂತ ನಾ ಹೇಳಂಗಿಲ್ಲ. ಜೀವ ಒಂದೀಟು ಹಗುರ ಆಗಬಹುದು" ಎಂದರು. ಸೂಜಿ ನೋಯಲಿಲ್ಲ. ಆದರೆ ಅಲ್ಲಾಡದೆ ಅರ್ಧ ತಾಸು ಮಲಗಬೇಕು, ಓಡಿಹೋಗುವಂತಿಲ್ಲ. ಪಕ್ಕದ ಕುರ್ಚಿಯಲ್ಲಿ ಸುಜಾತಾ ಚಪ್ಪಲಿ ಬಿಟ್ಟು ಕಾಲು ಚಾಚಿದ್ದಳು. ಆ ಅಂಗಾಲು ನನ್ನ ಕಣ್ಣಿಗೆ ನೇರವಾಗಿತ್ತು. ಬಹಳ ನಾಚಿಕೆಯಾಯಿತು.

ಮುಂದಿನ ಗುರುವಾರ ನಾನೂ ಅವಳ ಜೊತೆ ಅಕ್ಕಲಕೋಟಕ್ಕೆ ಹೋದೆ. ಅಲ್ಲಿಂದ ಹೊರಡುವಾಗ ಅತ್ತೆ ಎಂದಿನಂತೆ ಸುಜಾತಾಳ ಉಡಿ ತುಂಬಲು ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ ತಂದಳು. ಸುಜಾತಾ ಸೆರಗು ಒಡ್ಡಿದಳು. ಅತ್ತೆ ಅವಳ ತೋಳು ಸವರಿ, "ಸೂಜಿ ಚುಚ್ಚಿಸ್ಕೊಳಾಕತ್ತೀಯಂತ, ಎಷ್ಟ ನೋವಾಗ್ತದೋ ಪಾಪ" ಎಂದಳು.

"ಅತ್ತಿ, ಸೂಜಿ ಅಕಿಗಲ್ಲ, ನನಗ" ಎಂದೆ. "ಕೊರತಿ ನನ್ನೊಳಗ ಅದ. ಎರಡು ವರ್ಷದಿಂದ ಗೊತ್ತದ. ನಾ ಬಾಯಿ ಮುಚ್ಕೊಂಡು ಕುಂತೀನಿ."

ಅತ್ತೆ ತಟ್ಟೆ ಕೆಳಗಿಟ್ಟಳು. ಆಮೇಲೆ ಬಾಗಿ ಸುಜಾತಾಳ ಪಾದ ನೋಡಿದಳು. "ನನ್ನ ಕಡಿಂದ ತಪ್ಪಾತವ್ವಾ" ಎಂದಳು. ಸುಜಾತಾ ಅತ್ತುಬಿಟ್ಟಳು, ಎರಡು ವರ್ಷದ ಅಳು. ಅತ್ತೆ ನನ್ನ ಕಡೆ ತಿರುಗಿದಳು.

"ಹಂಗಾದ್ರ ನೀ ಬಾ ಇಲ್ಲಿ. ಉಡಿ ಒಡ್ಡು."

ಗಂಡಸಿಗೆ ಎಲ್ಲಿಯ ಉಡಿ? ಅಂಗಿಯ ತುದಿ ಹಿಡಿದು ನಿಂತೆ. ಅತ್ತೆ ಹಣೆಗೆ ಕುಂಕುಮ ಇಟ್ಟು ಐದು ಬೊಗಸೆ ಅಕ್ಕಿ ಸುರಿದಳು, ಕಾಯಿ ಇಟ್ಟಳು. ಆ ಭಾರಕ್ಕೆ ಗುಂಡಿ ಕಿತ್ತು ಹಾರಿತು, ಕಾಯಿ ಉರುಳಿ ಮಂಚದ ಕೆಳಗೆ ಹೋಯಿತು. ಸುಜಾತಾ ಅಳುತ್ತಲೇ ನಕ್ಕಳು. ಮರ ಸುತ್ತುವ ಹರಕೆಯೂ ಅವತ್ತೇ ನನ್ನ ಕಾಲಿಗೆ ಬಂತು.

ಮಗುವಾಯಿತೇ ಎಂದು ಕೇಳಬೇಕೆಂದಿದ್ದೀರಿ. ಇನ್ನೂ ಇಲ್ಲ. ಔಷಧ ನಡೆದಿದೆ, ಸೂಜಿಯೂ ನಡೆದಿದೆ. ಸೂಜಿಯಿಂದ ರಿಪೋರ್ಟು ಸುಧಾರಿಸಿತೆಂದು ಹೇಳಲಾರೆ, ನಿದ್ದೆಯಂತೂ ಸುಧಾರಿಸಿದೆ. ಮುಂದೆ ಏನೇ ಆದರೂ ಇಬ್ಬರೂ ಕೂಡಿಯೇ ಎದುರಿಸುತ್ತೇವೆ.

ಇವತ್ತು ಅತ್ತೆಯ ಬಸುರಿ ಮೊಮ್ಮಗಳಿಗೆ ಕುಬಸ, ಅಂದರೆ ಸೀಮಂತ. ಮೊದಲೆಲ್ಲ ಇಂಥ ಕರೆ ಬಂದರೆ ಸುಜಾತಾಳಿಗೆ ತಲೆನೋವು ಬರುತ್ತಿತ್ತು. ಮುಂಜಾನೆ ಅತ್ತೆ ಫೋನಿನಲ್ಲಿ ಅವಳಿಗೆ, "ಮೊದಲನೇ ಉಡಿ ನೀನೇ ತುಂಬಬೇಕವ್ವಾ. ನೀ ಬರೂತನ ಯಾರನ್ನೂ ಮುಟ್ಟಗೊಡಂಗಿಲ್ಲ" ಎಂದಳು. ಸುಜಾತಾ ಈಗ ಹಸಿರು ಸೀರೆ ಉಟ್ಟು, ಹಾಡು ಗುನುಗುತ್ತ ಕನ್ನಡಿಯ ಮುಂದೆ ನಿಂತಿದ್ದಾಳೆ.

ನಾನು ಕೊನೆಯ ಪಿನ್ನು ಕಿತ್ತು ಅಂಗಿ ತೊಟ್ಟೆ. ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಗಟ್ಟಿಯಾಗಿವೆ, ಒಂದು ತೆಂಗಿನಕಾಯಿ ತಡೆದಾವು.