ಮಸ್ಕಿ ಇಳಿಜಾರಿನಲ್ಲಿ ಗೆದ್ದ ವಾದ

ಮೊನ್ನೆ ಸಿಂಧನೂರಿನ ಒಂದು ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ನಿಂತಿದ್ದೆ. ನನ್ನ ಮುಂದೆ ಒಂದು ಹಳೆಯ ಕಾರಿತ್ತು. ಹಾಕಿ ಮುಗಿದ ಮೇಲೂ ಅದರ ಮಾಲೀಕ ಪೈಪನ್ನು ಬಿಡಲಿಲ್ಲ. ಬಂಕಿನವನ ಕೈಯಿಂದ ಇಸಿದುಕೊಂಡು ಹೆಗಲೆತ್ತರಕ್ಕೆ ಹಿಡಿದ. ಒಳಗೆ ಉಳಿದ ನಾಲ್ಕು ಹನಿಯೂ ತನ್ನ ಟಾಕಿಗೇ ಇಳಿಯಲಿ ಎಂದು ಕಾದ. ಆಮೇಲೆ ಕಾರಿನ ಬೆನ್ನಿಗೆ ಎರಡೂ ಕೈ ಕೊಟ್ಟು, ತೊಟ್ಟಿಲು ತೂಗಿದ ಹಾಗೆ ಎರಡು ಸಲ ತೂಗಿದ. ತೂಗಿದರೆ ಒಳಗಿನ ಗಾಳಿ ಹೊರಬಂದು ಇನ್ನಷ್ಟು ಹಿಡಿಸುತ್ತದಂತೆ. ಹಿಡಿಸಿದ್ದಕ್ಕೆಲ್ಲ ದುಡ್ಡು ಕೊಡಲೇಬೇಕು, ಅಂದ ಮೇಲೆ ತೂಗಿ ಉಳಿಸಿದ್ದೇನು? ಈ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ನಾನು ಕೇಳಬೇಕಾದ ಪ್ರಶ್ನೆ ಕೇಳದೆ ಬಿಡುವವಳಲ್ಲ, ಕೇಳಬಾರದ್ದನ್ನೂ ಕೇಳುವವಳು. ಆದರೆ ಆ ಪೆಟ್ರೋಲ್ ವಾಸನೆಯಲ್ಲಿ, ಆ ತೂಗುವ ಕೈಗಳಲ್ಲಿ ನನಗೆ ನನ್ನ ಮಾಮಾ ಕಂಡುಬಿಟ್ಟ.

ಮಾಮಾ ಅಂದರೆ ನಮ್ಮವ್ವನ ತಮ್ಮ. ರೈಸ್ ಮಿಲ್ಲಿನ ಬೆಲ್ಟು, ಬೇರಿಂಗು, ರಬ್ಬರ್ ರೋಲು ಮಾರುವ ಅಂಗಡಿ ಅವನದು. ಮಿಲ್ಲಿನವರು ಸಾಮಾನಿಗಿಂತ ಹೆಚ್ಚಾಗಿ ಅವನ ಕಿವಿಗಾಗಿ ಬರುತ್ತಿದ್ದರು. ಓಡುವ ಮೋಟರಿನ ಪಕ್ಕ ಕಣ್ಣು ಮುಚ್ಚಿ ನಿಂತು "ಎಡಗಡಿ ಬೇರಿಂಗ್ ಅಳಾಕತ್ತೈತಿ ನೋಡ್ರಿ" ಅಂದನೆಂದರೆ, ಬಿಚ್ಚಿ ನೋಡುವ ಮೊದಲೇ ಹೊಸದನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಇಂಥ ಕಿವಿಯವನು ಒಂದು ಹಳೆಯ ಕಾಂಟೆಸ್ಸಾ ಕಾರು ಸಾಕಿದ್ದ. ಇಟ್ಟುಕೊಂಡಿದ್ದ ಎಂದರೆ ತಪ್ಪಾಗುತ್ತದೆ. ಎತ್ತು ಸಾಕಿದ ಹಾಗೆ ಸಾಕಿದ್ದ. ಉದ್ದನೆಯ ಮೂತಿ, ಕಡುನೀಲಿ ಮೈ. ಪೆಟ್ರೋಲನ್ನಂತೂ ಬೇಸಿಗೆಯ ಎಮ್ಮೆ ನೀರು ಕುಡಿದ ಹಾಗೆ ಕುಡಿಯುತ್ತಿತ್ತು.

ಲಿಂಗಸುಗೂರಿನಲ್ಲಿ ಶರಣಪ್ಪ ಮಾಸ್ತರೆಂಬ ನಿವೃತ್ತ ಶಿಕ್ಷಕರಿದ್ದಾರೆ. ಅವರಲ್ಲಿ ಒಂದು ಮುದಿ ಪೆಟ್ರೋಲ್ ಜೀಪು. ಪ್ರತಿ ರವಿವಾರ ಮಾಮಾ ಈ ಕಡೆ ಸಿಂಧನೂರಿನಿಂದ, ಮಾಸ್ತರು ಆ ಕಡೆಯಿಂದ ಹೊರಟು, ನಡುವಿನ ಮಸ್ಕಿಯ ಒಂದು ಹೋಟೆಲಿನ ಮುಂದೆ ಕೂಡುತ್ತಿದ್ದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಚಹಾ. ಆಮೇಲೆ ಗಾಡಿ ಅದಲುಬದಲು. ಮಾಮಾ ಜೀಪನ್ನು, ಮಾಸ್ತರು ಕಾಂಟೆಸ್ಸಾವನ್ನು ಊರಾಚೆ ಹತ್ತು ನಿಮಿಷ ಓಡಿಸಿ ತಂದು, ಪರಸ್ಪರರ ಗಾಡಿಯ ರೋಗ ಹೇಳುವುದು. ದಿನಾ ಕೇಳುವ ಕಿವಿಗೆ ತನ್ನ ಗಾಡಿಯ ನರಳಾಟ ಕೇಳಿಸುವುದಿಲ್ಲವಂತೆ, ಅದಕ್ಕೆ ಇನ್ನೊಬ್ಬರ ಕಿವಿಯೇ ಬೇಕಂತೆ. ಹೇಳಿದ್ದನ್ನು ಎದುರಾಡದೆ ಒಪ್ಪಬೇಕು ಎನ್ನುವುದು ಕರಾರು. ಎದುರಾಡದೆ ಒಪ್ಪುವ ಇಬ್ಬರು ಗಂಡಸರನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಕಾಲೇಜಿನ ದಿನಗಳಲ್ಲಿ ಈ ಸವಾರಿಗೆ ನಾನೂ ಸೇರಿಕೊಂಡೆ. ಆಗ ನಾನು ಚರ್ಚಾ ಸ್ಪರ್ಧೆಗಳಲ್ಲಿ ಪರವೂ ಮಾತಾಡಿ ವಿರೋಧವೂ ಮಾತಾಡಿ ಎರಡಕ್ಕೂ ಕಪ್ಪು ತರುತ್ತಿದ್ದ ಹುಡುಗಿ. ಮಾಮಾ ನನ್ನನ್ನು ವಕೀಲವ್ವ ಎನ್ನುತ್ತಿದ್ದ. ಮೊದಮೊದಲು ನನ್ನ ವಾದವೆಲ್ಲ ಕಾಂಟೆಸ್ಸಾದ ವಿರುದ್ಧವೇ ಇತ್ತು. ಒಬ್ಬ ಮನುಷ್ಯ ಚಹಾ ಕುಡಿಯಲು ಇಷ್ಟು ಕಬ್ಬಿಣ ಎಳೆದುಕೊಂಡು ಹೋಗುವುದು ಯಾವ ನ್ಯಾಯ? ಮಾಮಾ ಕಿಟಕಿಯ ಗಾಜು ಇಳಿಸುತ್ತಿದ್ದ. ಗಾಳಿಯಲ್ಲಿ ಭತ್ತದ ಗದ್ದೆಯ ವಾಸನೆ, ಮುಂದೆ ಆ ಎಂಜಿನ್ನಿನ ತುಂಬುದನಿ. ಐದಾರು ವಾರದಲ್ಲಿ ನಾನು ಪಕ್ಷ ಬದಲಾಯಿಸಿದ್ದೆ. ಯಾವ ವಾದಕ್ಕೆ ಸೋತೆ ಎಂದು ಮಾತ್ರ ಇವತ್ತಿಗೂ ಹೇಳಲಾರೆ.

ಅಷ್ಟರಲ್ಲಿ ಬಂಕಿನ ಬೋರ್ಡಿನ ದರ ಮೂರಂಕಿಗೆ ಬಂತು. ರವಿವಾರದ ಸವಾರಿ ಎರಡು ವಾರಕ್ಕೊಮ್ಮೆ ಆಯಿತು. ಆಮೇಲೆ ಅಮಾವಾಸ್ಯೆಗೊಮ್ಮೆ, ಹೇಗೂ ಅಂದು ಅಂಗಡಿ ಬಂದ್, ಗಾಡಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವ ದಿನ. ಮಾಸ್ತರು ಒಂದೊಂದು ಸಲ ಬಸ್ಸಿಗೆ ಬರತೊಡಗಿದರು. ಬಸ್ಸಿಗೆ ಬಂದರೂ ಜೀಪಿನ ಚಾವಿ ತಂದು ಚಹಾದ ಕಪ್ಪಿನ ಪಕ್ಕ ಇಡುತ್ತಿದ್ದರು.

"ಮಾಸ್ತರ, ಜೀಪು ಎಲ್ಲಿ ನಿಲ್ಲಿಸೀರಿ?" ಎಂದು ಮಾಮಾ ಕೆಣಕುವುದು.

"ಕಂಡಕ್ಟರಗ ಕಾಯಾಕ ಹೇಳಿ ಬಂದೀನ್ರೀ" ಎಂದು ಅವರು.

ನಗುತ್ತಿದ್ದರು. ಆ ನಗೆ ಚಹಾ ಆರುವವರೆಗೂ ಉಳಿಯುತ್ತಿರಲಿಲ್ಲ.

ಡೀಸೆಲ್ ಎಂಜಿನ್ ಕೂಡಿಸಿರೆಂದು ಮೆಕ್ಯಾನಿಕ್ ಹೇಳಿ ನೋಡಿದ. "ಹುಲಿಗೆ ಎಮ್ಮಿ ದನಿ ಹಚ್ಚಂತೀಯೇನಪ್ಪಾ?" ಎಂದ ಮಾಮಾ. ಗ್ಯಾಸ್ ಹಾಕಿಸಿ ಎಂದರೆ, "ಸಿಲಿಂಡರ್ ಹೊತ್ಕೊಂಡು ತಿರಗೂದಾದ್ರ ಒಲಿ, ಒಲಿ ಮುಂದಿನಾಕಿ ಎಲ್ಲಾರ್ನೂ ಹಿಂದ ಕೂಡಿಸ್ಕೊಂಡು ಹೋಗೋಣಂತ" ಎಂದ. ಒಲೆಯ ಮುಂದಿನವಳು, ಅಂದರೆ ನಮ್ಮತ್ತಿ, ನಗಲಿಲ್ಲ. "ಖರ್ಚು ಕಮ್ಮಿ ಆದ್ರ ಗಾಡಿ ಇರತೈತಿ, ಇಲ್ಲಾಂದ್ರ ಮಾರೂದಽ" ಎಂದು ಒಂದೇ ಮಾತು ಹೇಳಿ ಒಳಗೆ ಹೋದಳು. ಅತ್ತಿ ಒಂದೇ ಮಾತು ಹೇಳುವವಳು.

ಅಲ್ಲಿಂದ ಕಾಂಟೆಸ್ಸಾವನ್ನು ಉಳಿಸುವ ಪಕ್ಷಕ್ಕೆ ನಾನೇ ವಕೀಲಳಾದೆ. ಮಸ್ಕಿ ಬಿಟ್ಟು ಸಿಂಧನೂರಿನ ಕಡೆ ಬರುವಾಗ ಒಂದು ಉದ್ದನೆಯ ಇಳಿಜಾರಿದೆ. ಒಂದು ಅಮಾವಾಸ್ಯೆಯ ಮಧ್ಯಾಹ್ನ ಅಲ್ಲಿಗೆ ಬಂದಾಗ ಶುರುಮಾಡಿದೆ.

"ಮಾಮಾ, ಈಗ ಗಾಡಿ ಎಳಿಯಾಕತ್ತೋರು ಯಾರು?"

"ಇಳಿಜಾರ ಎಳಿಯಾಕತ್ತೈತಿ."

"ಮತ್ತ ಎಂಜಿನ್ ಏನ್ ಮಾಡಾಕತ್ತೈತಿ?"

"ಸುಮ್ನ ತಿರಗಾಕತ್ತೈತಿ."

"ಸುಮ್ನ ತಿರಗೋದಕ್ಕ ಪೆಟ್ರೋಲ್ ಯಾಕ ಕುಡಿಸ್ತಿ? ಬಂದ್ ಮಾಡು."

"ಗಾಡಿ ಎಚ್ಚರಿರಬೇಕ ಬೇ. ಎಂಜಿನ್ ಆರಿದ್ರ ಬ್ರೇಕ್ ಗಟ್ಟಿ ಆಕ್ಕೈತಿ."

"ಪೂರಾ ಹೋಗತೈತೇನು?"

"ಪೂರಾ ಹೋಗಂಗಿಲ್ಲ. ಒಂದೆರಡು ಸಲ ಹಿಡೀತೈತಿ. ಆಮ್ಯಾಲ ಕಲ್ಲು."

"ರಸ್ತಾ ಖಾಲಿ ಐತಿ. ಒಂದೆರಡು ಸಲ ಸಾಕಲ್ಲ?"

"ಸಾಕು ಅನಸ್ತೈತಿ. ಆದ್ರ ಕೈ ಒಪ್ಪಂಗಿಲ್ಲ."

"ಕೈ ಒಪ್ಪಂಗಿಲ್ಲ ಅನ್ನೂದು ಕಾರಣ ಅಲ್ಲ ಮಾಮಾ, ರೂಢಿ."

ಈ ಮಾತು ನನಗೆ ಆಗ ಬಹಳ ಹಿಡಿಸಿತ್ತು. ಮುಂದಿನ ಯಾವುದೋ ವೇದಿಕೆಯಲ್ಲಿ ಇದನ್ನೇ ಬಳಸಬೇಕು ಎಂದುಕೊಂಡೆ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈಗೆ ಗೊತ್ತಿದ್ದದ್ದನ್ನು ಬಾಯಿ ಹೇಳಲಾಗದೆ ಹೋಯಿತು. ಹೇಳಲಾಗದ್ದು ಗೊತ್ತೇ ಇಲ್ಲದ್ದು ಎಂದು ನಾನು ತೀರ್ಪು ಕೊಟ್ಟೆ. ನಮ್ಮ ಸ್ಪರ್ಧೆಗಳ ನಿಯಮವೇ ಅದು: ಉತ್ತರ ಬರದಿದ್ದರೆ ಅಂಕ ಎದುರಿನವರಿಗೆ. ರಸ್ತೆಗೆ ಆ ನಿಯಮ ಗೊತ್ತಿರಲಿಲ್ಲ.

"ವಕೀಲವ್ವ ಗೆದ್ಲಪಾ" ಎಂದು ಮಾಮಾ ಗೇರನ್ನು ನ್ಯೂಟ್ರಲ್ಲಿಗೆ ತಂದು, ಚಾವಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದ. ದನಿ ನಿಂತಿತು. ಟಾಯರಿನ ಸದ್ದು, ಗಾಳಿಯ ಸದ್ದು, ಅಷ್ಟೇ. ಕಾರು ದೋಣಿಯಂತೆ ಇಳಿಯಿತು. ನಾನು ಚಪ್ಪಾಳೆ ಹೊಡೆದೆ.

ನಾಲ್ಕೈದು ಅಮಾವಾಸ್ಯೆ ಹೀಗೇ ಇಳಿದೆವು. ಪ್ರತಿ ಸಲವೂ "ನೋಡು, ಏನಾತು?" ಎಂದು ನಾನು ಕೇಳುವುದು, "ಏನೂ ಆಗಲಿಲ್ಲ ಬಿಡವ್ವ" ಎಂದು ಅವನು ಒಪ್ಪುವುದು. ಎಷ್ಟು ಪೆಟ್ರೋಲ್ ಉಳಿಯಿತೆಂದು ಇಬ್ಬರೂ ನೋಡಲಿಲ್ಲ. ಗೆದ್ದ ವಾದಕ್ಕೆ ಯಾರು ಲೆಕ್ಕ ಕೇಳುತ್ತಾರೆ? ನೀವು ಜಾಣರಿದ್ದರೆ ನನ್ನ ತಪ್ಪನ್ನು ಇಷ್ಟರಲ್ಲೇ ಹಿಡಿದಿರುತ್ತೀರಿ. ನನ್ನ ಸಾಕ್ಷಿಗಳೆಲ್ಲ ಖಾಲಿ ರಸ್ತೆಯ ತಿಂಗಳುಗಳಿಂದ ಬಂದವು. ಕಾಲುವೆಯ ನಾಡಿನಲ್ಲಿ ಹುಟ್ಟಿ ಬೆಳೆದವಳು ನಾನು. ಸುಗ್ಗಿಯಲ್ಲಿ ನಮ್ಮ ಡಾಂಬರು ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ, ಕಣವಾಗುತ್ತದೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಅರ್ಧ ರಸ್ತೆಗೆ ಹಸಿ ಭತ್ತ ಹರವಿ, ಅಂಚಿಗೆ ಕಲ್ಲು ಸಾಲಿಟ್ಟು, ಕಾಲಿನಿಂದ ಗೆರೆ ಎಳೆಯುತ್ತ ಒಣಗಿಸುತ್ತಾರೆ. ನನಗೂ ಗೊತ್ತಿತ್ತು. ವಾದದಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಸುಗ್ಗಿಯ ಆ ಅಮಾವಾಸ್ಯೆಯಂದು, ಇಳಿಜಾರಿನ ತಿರುವು ದಾಟಿದ ಕೂಡಲೇ ಎಡಗಡೆ ಭತ್ತದ ಹಳದಿ ಕಂಡಿತು. ಅದರ ನಡುವೆ ಬೆನ್ನು ಮಾಡಿ ಕಾಲೆಳೆಯುತ್ತಿದ್ದ ಒಬ್ಬ ಮುದುಕಿ. ಬಲಗಡೆ ಎದುರಿನಿಂದ ಹುಲ್ಲು ಹೇರಿದ ಟ್ರ್ಯಾಕ್ಟರ್. ಸದ್ದಿಲ್ಲದೆ ಬರುವ ಕಾರು ಯಾರಿಗೂ ಕೇಳಿಸಲಿಲ್ಲ. ಮಾಮಾ ಬ್ರೇಕ್ ಒತ್ತಿದ, ಹಿಡಿಯಿತು. ಮತ್ತೆ ಒತ್ತಿದ, ಅರ್ಧ ಹಿಡಿಯಿತು. ಮೂರನೆಯ ಸಲ ಅವನು ಸೀಟಿನಿಂದ ಮೇಲಕ್ಕೆದ್ದು ಮೈಭಾರವನ್ನೆಲ್ಲ ಹಾಕಿದ್ದನ್ನು ನೋಡಿದೆ. ಆಮೇಲೆ ಸ್ಟೇರಿಂಗನ್ನು ಎಡಕ್ಕೆ ಎಳೆದ. ಭತ್ತ ಶುರುವಾಗುವ ಎರಡು ಮಾರು ಮೊದಲೇ ಕಾರು ರಸ್ತೆಯಿಂದ ಇಳಿದು, ಗದ್ದೆಯ ಬದುವಿಗೆ ಮೂತಿ ಕೊಟ್ಟು ನಿಂತಿತು.

ನಮಗೇನೂ ಆಗಲಿಲ್ಲ. ಮುದುಕಿ ಭತ್ತದಲ್ಲೇ ಕುಸಿದು ಕೂತಿದ್ದಳು. "ಕಣ್ಣು ಎಲ್ಲಿ ಇಟ್ಟಿದ್ಯೋ ಯಪ್ಪಾ! ಭೂತ ಬಂದಂಗ ಬಂದೀಯಲ್ಲೋ!" ಎಂದು ಎದೆ ಹಿಡಿದುಕೊಂಡು ಬೈದಳು. ಬೈಯುತ್ತಲೇ ನಮ್ಮ ಮುಖ ನೋಡಿ, ತಾನು ತಂದಿದ್ದ ನೀರಿನ ಬಾಟಲಿ ಚಾಚಿದಳು.

ಮಾಮಾ ಕೈ ಮುಗಿದ. "ತಪ್ಪಾತವ್ವಾ. ನನ್ನ ಕಾಲು ತಡಾ ಆತು."

ಕಾಲು ತಡವಾಗಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆದೆ, ಮಾಮಾ ಬಾಟಲಿಯನ್ನು ನನ್ನ ಕೈಗಿಟ್ಟು "ಕುಡಿ" ಎಂದ.

ಮನೆಯಲ್ಲೂ ಅದೇ ಮಾತು ಹೇಳಿದ. ಅತ್ತಿ "ಇನ್ನ ಸಾಕು. ವಯಸ್ಸಾತು" ಎಂದಳು. ಮಸ್ಕಿಯಲ್ಲಿ ರಿಪೇರಿಯಾದ ಕಾರನ್ನು ಬೇರೆಯವರು ಓಡಿಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಬಜಾರಿನಲ್ಲಿ ಸುದ್ದಿ ಹಬ್ಬಿತು. ಕಾಲು ಹೋದವನ ಕಿವಿಯೂ ಹೋಗಿರುತ್ತದೆ ಎಂದು ಜನ ತಾವೇ ಕೂಡಿಸಿಕೊಂಡರೋ ಏನೋ, ಮಿಲ್ಲಿನವರು ಅವನನ್ನು ಮೋಟರಿನ ಹತ್ತಿರ ಕರೆಯುವುದನ್ನು ಬಿಟ್ಟರು. ಬಂದರೆ ಬೆಲ್ಟಿನ ನಂಬರು ಹೇಳಿ, ತೆಗೆದುಕೊಂಡು ಹೋಗುತ್ತಿದ್ದರು. ಮಾಸ್ತರು ಒಮ್ಮೆ ನೋಡಲು ಬಂದವರು ಮೆಲ್ಲಗೆ ಕೇಳಿದರು: "ಎಂಜಿನ್ ಚಾಲೂ ಇತ್ತೇನ್ರೀ?" ಮಾಮಾ ಹೇಳಿದ: "ಮಾಸ್ತರ, ಚಾ ಆರಾಕತ್ತೈತಿ."

ಎಲ್ಲ ವೇದಿಕೆಗಳಲ್ಲಿ ಮಾತಾಡಿದವಳು ಆ ಒಂದು ಮನೆಯಲ್ಲಿ ಒಂದೂವರೆ ವರ್ಷ ಸುಮ್ಮನಿದ್ದೆ. ನನ್ನ ಮೌನಕ್ಕೂ ಒಳ್ಳೊಳ್ಳೆ ಕಾರಣ ಕಟ್ಟಿಕೊಂಡಿದ್ದೆ. ಅವನೇ ಮುಚ್ಚಿಟ್ಟದ್ದನ್ನು ನಾನು ಬಿಚ್ಚಬಾರದು. ಹೇಗೂ ಪೆಟ್ರೋಲ್ ಏರುತ್ತಲೇ ಇದೆ. ಓಡಿಸದಿರುವುದೇ ಅವನ ಆರೋಗ್ಯಕ್ಕೆ ಒಳ್ಳೆಯದು. ಒಂದೊಂದೂ ಗಟ್ಟಿ ಕಾರಣ. ಬೇಕಿದ್ದರೆ ಇವತ್ತೂ ಗೆಲ್ಲಿಸಿ ತೋರಿಸುತ್ತೇನೆ.

ಮೊನ್ನೆ ಬಂಕಿನಿಂದ ಸೀದಾ ಅವರ ಮನೆಗೆ ಹೋದೆ. ಹೋಗಲು ಇನ್ನೊಂದು ಅವಸರವೂ ಇತ್ತು. ಲಿಂಗಸುಗೂರಿನ ಒಂದು ಫೋಟೊ ಸ್ಟುಡಿಯೊದವರು ಕಾಂಟೆಸ್ಸಾ ಕೊಳ್ಳುವುದೆಂದು ಮಾತಾಗಿತ್ತು. ಮದುವೆಯ ಜೋಡಿಗಳನ್ನು ಒರಗಿಸಿ ಫೋಟೊ ತೆಗೆಯಲಿಕ್ಕೆ. ನಿಂತೇ ಇರುವ ಕೆಲಸ, ಪೆಟ್ರೋಲಿನ ಹಂಗಿಲ್ಲ. ಮರುದಿನ ಅವರ ಡ್ರೈವರ್ ಬಂದು ಒಯ್ಯುವವನಿದ್ದ.

ಅತ್ತಿ ಅಕ್ಕಿ ಆರಿಸುತ್ತಿದ್ದಳು. ಮಾಮಾ ಪಕ್ಕದಲ್ಲಿ ಪೇಪರು ಹಿಡಿದಿದ್ದ. ನಿಂತುಕೊಂಡೇ ಹೇಳಿದೆ. ಇಳಿಜಾರು, ಚಾವಿ, ಮೂರು ಸಲ ಒತ್ತಿದ ಬ್ರೇಕು. "ಮಾಮಾನ ಕಾಲು ತಡಾ ಆಗಿದ್ದಿಲ್ಲ ಅತ್ತಿ. ಎಂಜಿನ್ ಬಂದ್ ಮಾಡ್ಸಿದಾಕಿ ನಾನು."

ಮಾಮಾನಿಗೆ ಸಿಟ್ಟು ಬಂದದ್ದನ್ನು ಅವತ್ತೇ ಮೊದಲು ನೋಡಿದ್ದು. "ಏನ್ ಹೇಳಾಕತ್ತೀ ಬೇ? ಚಾವಿ ತಿರಿವಿದ ಕೈ ಯಾರದು? ನಿನ್ನ ಮಾತು ನಿಂದು, ನನ್ನ ಕೈ ನಂದು. ಸ್ಟೇರಿಂಗ್ ಹಿಡದಾಂವ ಇನ್ನೊಬ್ಬರ ಹೆಸರು ಹೇಳಬಾರದು."

"ಮತ್ತ ಕಾಲಿನ ಹೆಸರು ಯಾಕ ಹೇಳಿದಿ?" ಎಂದೆ.

ಅವನು ಪೇಪರನ್ನು ಮಡಚಿ, ಮತ್ತೆ ಮಡಚಿದ. ಈ ಸಲ ಅಂಕ ನನಗೆ ಬೇಕಿರಲಿಲ್ಲ.

ಅತ್ತಿ ಮೊರ ಕೆಳಗಿಟ್ಟಳು. ನನ್ನನ್ನು ನೋಡಿ "ಒಂದೂವರೆ ವರ್ಷ ಆತಲ್ಲವಾ" ಎಂದಳು. ಅಷ್ಟೇ ಬೈದದ್ದು, ಅಷ್ಟು ಸಾಕಾಗಿತ್ತು. ಆಮೇಲೆ ಮಾಮಾನ ಕಡೆ ತಿರುಗಿ, "ಮಾರೂದು ಬ್ಯಾಡೇನ್ರೀ ಹಂಗಾರ?"

"ಖರೇ ಹೇಳಿದ್ರ ಪೆಟ್ರೋಲ್ ಇಳೀತೈತೇನು? ಮಾತು ಕೊಟ್ಟೀವಿ" ಎಂದ ಮಾಮಾ.

ಅತ್ತಿ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಡ್ರೈವರ್ ಬರೂದು ಬ್ಯಾಡ ಅಂತ ಫೋನ್ ಹಚ್ಚ್ರಿ. ನೀವಽ ಒಯ್ರಿ. ನಾನೂ ಬರ್ತೀನಿ."

ಹಾಗೆ ನಿನ್ನೆ ಮಾಮಾ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಕಾಂಟೆಸ್ಸಾ ಓಡಿಸಿದ. ಅತ್ತಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಆ ದನಿಯ ಮೇಲೆ ಮಾತಾಡುವಂತಿರಲಿಲ್ಲ. ಸ್ಟುಡಿಯೊದವರು ಅದನ್ನು ಗೋಡೆಗೆ ತಾಗಿಸಿ ನಿಲ್ಲಿಸಿದರು. ಎಂಜಿನ್ ಆರಿಸುವ ಮುಂಚೆ ಮಾಮಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದ.

ವಾಪಸ್ಸು ಬಂದದ್ದು ಬಸ್ಸಿಗೆ. ಡ್ರೈವರ್ ಹಿಂದಿನ ಮೂರು ಜನರ ಸೀಟು ಸಿಕ್ಕಿತು. ಮಸ್ಕಿ ದಾಟಿ ಇಳಿಜಾರು ಶುರುವಾಯಿತು. ನಾನು ಕಿಟಕಿ ನೋಡಲಾರದೆ ಕೆಳಗೆ ನೋಡುತ್ತಿದ್ದೆ. ಹಾಗಾಗಿ ಕಂಡಿತು: ಮಾಮಾನ ಬಲಗಾಲು ಬಸ್ಸಿನ ನೆಲದ ತಗಡನ್ನು ಒತ್ತಿತು. ಒತ್ತಿದ ಮೇಲೆ ಬಸ್ಸು ನಿಧಾನವಾಯಿತು. ಮುಂದೆ ಒಂದು ಎಮ್ಮೆ ರಸ್ತೆ ದಾಟುತ್ತಿತ್ತು. ತಿರುವಿನಲ್ಲಿ ಮತ್ತೆ ಒತ್ತಿತು. ಆಮೇಲೆ ಡ್ರೈವರ್ ಬ್ರೇಕು ಹಾಕಿದ. ಮೂರನೆಯ ಸಲವೂ ಅಷ್ಟೇ: ಮೊದಲು ಆ ಕಾಲು, ಆಮೇಲೆ ಬ್ರೇಕು.

ಅತ್ತಿಯೂ ನೋಡುತ್ತಿದ್ದಳು. ಅವನ ಕಾಲ ಬಳಿ ಇಟ್ಟಿದ್ದ ತನ್ನ ಚೀಲವನ್ನು, ಅದಕ್ಕೆ ಅಡ್ಡವಾಗದಂತೆ, ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.